ಹದಿನಾಲ್ಕನೆಯ ಹೆಸರು

ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಹಿಂದಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಎಳೆದ ಗೀಟುಗಳನ್ನು ದಾಸಯ್ಯ ನಿನ್ನೆ ಸಂಜೆಯೇ ನೋಡಿದ್ದ. ನೋಡಬಾರದಿತ್ತು ಅನ್ನಿಸಿದ್ದು ಮಾತ್ರ ಈಗ, ಬೆಳಿಗ್ಗೆ, ಕೂಲಿಗಳ ಲೈನ್ ಮನೆಯಿಂದ ಕಣಕ್ಕೆ ಹೋಗುವ ಏರಿನಲ್ಲಿ. ಗೀಟು ಎಳೆದವನು ಗಿರಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಕೆಲಸಕ್ಕೆ ಬಾರದ್ದನ್ನು ಇಷ್ಟು ತಾಳ್ಮೆಯಿಂದ ಮಾಡುವವನು ಈ ತೋಟದಲ್ಲಿ ಅವನೊಬ್ಬನೇ. ಹದಿನಾರು ಗಂಡಸರ ಹೆಸರಿನ ಮೊದಲ ಅಕ್ಷರ ಒಂದರ ಕೆಳಗೊಂದು, ಪ್ರತಿ ಅಕ್ಷರದ ಮುಂದೆ ಗೀಟು. ಕೆಲವರಿಗೆ ನಾಲ್ಕು, ಕೆಲವರಿಗೆ ಐದು, ಪಾಪ ರಾಜೇಶನಿಗೆ ಎಂಟು. ದಾ ಎಂಬ ಅಕ್ಷರದ ಮುಂದೆ ಗೋಡೆ ಹಾಗೇ ಬೆಳ್ಳಗಿತ್ತು. ಆ ಅಕ್ಷರವನ್ನು ಅವನಿಗೆ ಕಲಿಸಿಕೊಟ್ಟವಳು ಭವ್ಯಾ. ಅವಳು ಒಂದನೇ ಕ್ಲಾಸಿನಲ್ಲಿದ್ದಾಗ, ತನ್ನ ಸ್ಲೇಟನ್ನು ಅಪ್ಪನ ಮಂಡಿಯ ಮೇಲಿಟ್ಟು, ಅವನ ದಪ್ಪ ಬೆರಳನ್ನು ಹಿಡಿದು ತಿದ್ದಿಸಿದ್ದಳು. ಆಗ ಅವಳ ಅವ್ವ ಬದುಕಿದ್ದಳು, ಒಲೆಯ ಮುಂದೆ ಕೂತು ನಗುತ್ತಿದ್ದಳು. ಈಗ ಲೈನಿನ ಹದಿನಾಲ್ಕನೇ ಮನೆಯಲ್ಲಿ ಇಬ್ಬರೇ, ಅಪ್ಪ ಮತ್ತು ಮಗಳು. ನಿನ್ನೆ ಆ ಗೋಡೆಯ ಮುಂದೆ ನಿಂತಾಗ ಯಾರೋ ನಕ್ಕಂತಾಗಿ ಅವನು ಬಲಕ್ಕೆ ತಿರುಗಿದ್ದ. ನಕ್ಕವರು ಎಡಗಡೆ ಇದ್ದರು. ತಿರುಗಿದ್ದು ತಪ್ಪು ಕಡೆಗೆ ಎಂದು ಗೊತ್ತಾಗದಿರಲೆಂದು ಅವನು ಬಲಗಡೆಯ ನಲ್ಲಿಯಲ್ಲಿ ಸುಮ್ಮನೆ ಕೈ ತೊಳೆದುಕೊಂಡಿದ್ದ. ತೊಳೆಯುವಂಥದ್ದು ಕೈಯಲ್ಲಿ ಏನೂ ಇರಲಿಲ್ಲ.

ಏರಿನಲ್ಲಿ ಮಂಜು ಇನ್ನೂ ಇಳಿದಿರಲಿಲ್ಲ. ಸಿಲ್ವರ್ ಮರಗಳು ಸೊಂಟದವರೆಗೆ ಕಾಣುತ್ತಿದ್ದವು. ಕೆಳಗೆ ಎಲ್ಲೋ ಹಳ್ಳದ ಬ್ಲಾಕು. ಹಣ್ಣು ಜಗ್ಗಿ ನಿಂತ ಗಿಡಗಳು ಅಲ್ಲೇ ಹೆಚ್ಚು, ಆನೆ ದಾಟುವುದೂ ಅಲ್ಲೇ. ಬೈನೆ ಮರದ ಆಸೆಗೆ ಬಂದವು ಹಗಲಾದರೂ ಬಿದಿರ ಮೆಳೆಯಲ್ಲಿ ನಿಂತುಬಿಡುತ್ತವೆ. ಅರಣ್ಯ ಇಲಾಖೆಯವರು ಮೊಬೈಲಿಗೆ ಮೆಸೇಜು ಹಾಕುತ್ತಾರೆ, ಹಾಕುವ ಹೊತ್ತಿಗೆ ಆನೆ ಇನ್ನೊಂದು ತೋಟದಲ್ಲಿರುತ್ತದೆ. ಅದಕ್ಕೇ ಕೊಯ್ಲಿನ ದಿನಗಳಲ್ಲಿ ಹೆಂಗಸರು ಮಕ್ಕಳು ಇಳಿಯುವ ಮೊದಲು ಒಬ್ಬ ಗಂಡಸು ಮುಂದೆ ಹೋಗಬೇಕು. ಹೆಗಲಿಗೆ ಪಟಾಕಿ ಚೀಲ, ಕೈಯಲ್ಲಿ ಒಂದು ಡಬ್ಬ. ಹಳ್ಳದವರೆಗೂ ಒಬ್ಬನೇ ನಡೆದು, ಲದ್ದಿ ಬಿಸಿಯಿದೆಯೋ ಆರಿದೆಯೋ ನೋಡಿ, ಉಸಿರು ಬಿಗಿಹಿಡಿದು ಕೇಳಿಸಿಕೊಂಡು, ಏನೂ ಇಲ್ಲವೆಂದರೆ ಡಬ್ಬ ಬಡಿಯಬೇಕು. ಡಬ್ಬದ ಸದ್ದು ಮೇಲೆ ಕಣದಲ್ಲಿ ನಿಂತವರಿಗೆ ಕೇಳಿದ ಮೇಲೆ ಗ್ಯಾಂಗು ಇಳಿಯುತ್ತದೆ. ಇಷ್ಟೇ ಕೆಲಸ. ಅರ್ಧ ಗಂಟೆಯದು. ಹನ್ನೊಂದು ದಿನದ ಹಿಂದೆ ಗ್ಯಾಂಗಿನ ಲಕ್ಕಯ್ಯ ಮುಂದೆ ಹೋದ ಬೆಳಿಗ್ಗೆ ಡಬ್ಬ ಬಡಿಯಲಿಲ್ಲ. ಈಗ ಅವನು ಮಂಗಳೂರಿನ ಆಸ್ಪತ್ರೆಯಲ್ಲಿದ್ದಾನೆ, ಸೊಂಟದ ಮೂಳೆಗೆ ಕಬ್ಬಿಣ ಹಾಕಿದ್ದಾರೆ, ನಡೆಯುತ್ತಾನೋ ಇಲ್ಲವೋ ಹೇಳಲಾರೆವು ಅಂದಿದ್ದಾರೆ.

ಯಾರು ಮುಂದೆ ಹೋಗಬೇಕೆಂದು ಮೊದಲೆಲ್ಲ ತೀರ್ಮಾನಿಸುತ್ತಿದ್ದದ್ದು ಬೀಜ. ಮೇಸ್ತ್ರಿ ಸುರೇಂದ್ರನ ಎಲೆಅಡಿಕೆ ಸಂಚಿಯೊಳಗೆ ಸುಲಿದು ಒಣಗಿಸಿದ ಹದಿನಾರು ಪಾರ್ಚ್‌ಮೆಂಟ್ ಕಾಫಿ ಬೀಜ, ಒಂದಕ್ಕೆ ಮಾತ್ರ ಸುಣ್ಣ ಸವರಿದ್ದು. ಒಬ್ಬೊಬ್ಬರೇ ಕೈಹಾಕಿ ಒಂದೊಂದು ತೆಗೆಯಬೇಕು, ಸುಣ್ಣದ್ದು ಸಿಕ್ಕಿದವನು ಮುಂದೆ. ಒಣಗಿದ ಸುಣ್ಣ ಬೆರಳಿಗೆ ಸಣ್ಣಗೆ ತರಿತರಿ ಹತ್ತುತ್ತದೆ ಎಂಬುದು ದಾಸಯ್ಯನಿಗೆ ಮೊದಲ ವರ್ಷವೇ ಗೊತ್ತಾಗಿತ್ತು. ಅವನು ಯಾರಿಗೂ ಹೇಳಲಿಲ್ಲ. ಮೊದಲು ಕೈಹಾಕುವವನು ತಾನೇ ಆಗುವಂತೆ ನೋಡಿಕೊಂಡು, ವಾರಕ್ಕೆ ಎರಡು ಮೂರು ಸಲ ಬೇಕೆಂದೇ ಸುಣ್ಣದ ಬೀಜ ತೆಗೆಯುತ್ತಿದ್ದ. ಲಕ್ಕಯ್ಯನ ಮುಖ ಬೆಳ್ಳಗಾದ ದಿನ ತಪ್ಪದೆ ತೆಗೆಯುತ್ತಿದ್ದ. ದಾಸಯ್ಯನ ಹಣೆಬರಹವೇ ಹಾಗೆ ಮಾರಾಯ, ಆನೆಗೂ ಅವನಿಗೂ ಏನೋ ಋಣ, ಎಂದು ಉಳಿದವರು ತಮಾಷೆ ಮಾಡುತ್ತಿದ್ದರು. ಅವನು ನಗುತ್ತ ಚೀಲ ಹೆಗಲಿಗೇರಿಸುತ್ತಿದ್ದ. ಅದೊಂದು ಸುಖ. ಕೂಲಿಯವನಿಗೆ ತಾನು ಯಾರನ್ನೋ ಕಾಯುತ್ತಿದ್ದೇನೆ ಎಂಬ ಗುಟ್ಟಿನ ಸುಖ ಎಷ್ಟು ದೊಡ್ಡದು ಎಂದು ಅನುಭವಿಸಿದವನಿಗೇ ಗೊತ್ತು. ಹಳ್ಳದಲ್ಲಿ ಒಬ್ಬನೇ ನಿಂತು ಬಿದಿರಿನ ಒಂದೊಂದು ಗಿಣ್ಣಿನ ಸದ್ದನ್ನೂ ಅವನು ಬೇರೆ ಬೇರೆಯಾಗಿ ಕೇಳುತ್ತಿದ್ದ. ಗಾಳಿಗೆ ಉಜ್ಜಿದ್ದು ಯಾವುದು, ಸೊಂಡಿಲಿಗೆ ಮುರಿದದ್ದು ಯಾವುದು.

ಆಮೇಲೆ ಕಿವಿ ಹೋಯಿತು. ಒಂದೇ ದಿನ ಹೋಗಲಿಲ್ಲ. ಒಂದು ಬೆಳಿಗ್ಗೆ ಹಳ್ಳದಲ್ಲಿ ನಿಂತಾಗ ಎಡಗಡೆಯ ಕಾಡು ಸುಮ್ಮನಾಗಿದೆ ಅನ್ನಿಸಿತು. ಎಷ್ಟು ಒಳ್ಳೆಯ ಬೆಳಿಗ್ಗೆ ಎಂದುಕೊಂಡ. ತಿರುಗಿ ನೋಡಿದರೆ ಇಪ್ಪತ್ತು ಮಾರು ದೂರದಲ್ಲಿ ಒಂಟಿ ಸಲಗ ಬೈನೆಯ ತಿರುಳು ಸಿಗಿಯುತ್ತಿತ್ತು. ಅವನು ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಟ್ಟು ಪಾರಾಗಿ ಬಂದು, ಏನಿಲ್ಲ, ಹೆಜ್ಜೆ ಹಳೇದು, ಆದರೂ ಇವತ್ತು ಬೇರೆ ಬ್ಲಾಕು ಕುಯ್ಯೋಣ ಎಂದಿದ್ದ. ಮಾರನೆಯ ದಿನ ಸಂಚಿಯಲ್ಲಿ ಕೈಯಿಟ್ಟಾಗ ಸುಣ್ಣದ ಬೀಜ ಬೆರಳಿಗೆ ಸಿಕ್ಕಿತು. ಬೆರಳು ಅದರ ಮೇಲೆ ಒಂದು ಕ್ಷಣ ನಿಂತಿತು. ಬಿಟ್ಟಿತು. ಪಕ್ಕದ ನುಣುಪಾದದ್ದನ್ನು ತೆಗೆಯಿತು. ಅವನಾದ ಮೇಲೆ ಕೈಹಾಕಿದ ಲಕ್ಕಯ್ಯನಿಗೆ ಸುಣ್ಣದ್ದು ಬಂತು. ಆ ದಿನ ಏನೂ ಆಗಲಿಲ್ಲ, ಡಬ್ಬ ಸರಿಯಾಗಿ ಬಡಿಯಿತು, ಲಕ್ಕಯ್ಯ ಬೀಡಿ ಸೇದುತ್ತ ವಾಪಸು ಬಂದ. ಆದರೆ ಮಧ್ಯಾಹ್ನ ಬುತ್ತಿ ಬಿಚ್ಚಿದ ದಾಸಯ್ಯ ರೊಟ್ಟಿ ಮುಟ್ಟದೆ ಮತ್ತೆ ಕಟ್ಟಿಟ್ಟ. ಮುಂದಿನ ಭಾನುವಾರ ಬಚ್ಚಲೊಲೆಯ ಮುಂದೆ ಕೂತು ಮಗಳಿಗೆ ಎಲ್ಲವನ್ನೂ ಹೇಳಿದ. ಕಿವಿಯದ್ದು, ಸುಣ್ಣದ್ದು, ಬೆರಳಿನದ್ದು. ಜೀವಮಾನದಲ್ಲಿ ಅವನು ಬೇರೆ ಯಾರಿಗೂ ಅಷ್ಟು ಹೇಳಿರಲಿಲ್ಲ. ಭವ್ಯಾ ಒಲೆಗೆ ತೆಂಗಿನ ಕೊತ್ತಳಿಗೆ ತುರುಕುತ್ತ ಕೇಳಿಸಿಕೊಂಡಳು.

ಬೀಜದ ಬದಲು ಕಂಪ್ಯೂಟರಿನ ವಿಚಾರ ತಂದವಳು ಅವಳು. ಚಿಕ್ಕಮಗಳೂರಿನಲ್ಲಿ ಡಿಪ್ಲೊಮಾ ಮುಗಿಸಿ ಇದೇ ತೋಟದ ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸಕ್ಕೆ ಸೇರಿ ಆಗ ಮೂರು ತಿಂಗಳಾಗಿತ್ತು. ಸಾಹುಕಾರರು ಚನ್ನಕೇಶವ ಅವರು ಒಪ್ಪಿದರು. ಮೊದಲ ದಿನ ಅವಳು ಆಫೀಸಿನ ಕಿಟಕಿಯ ಕಡೆಗೆ ಕಂಪ್ಯೂಟರಿನ ಮುಖ ತಿರುಗಿಸಿ, ಕಣದಲ್ಲಿ ನಿಂತವರಿಗೆಲ್ಲ ಬಿಡಿಸಿ ಹೇಳಿದ್ದಳು. ಹದಿನಾರು ಹೆಸರು ಇದರೊಳಗೆ ಪಟ್ಟಿ ಮಾಡಿದ್ದೇನೆ, ಲೈನಿನ ಮನೆ ನಂಬರಿನ ಪ್ರಕಾರ. ಇದು ಒಂದು ನಂಬರು ಆರಿಸುತ್ತದೆ, ಆ ನಂಬರಿನ ಹೆಸರು ದೊಡ್ಡದಾಗಿ ಬರುತ್ತದೆ. ಯಾವುದು ಆರಿಸುತ್ತದೆ ಎಂದು ಬರೆದ ನನಗೂ ಮೊದಲೇ ಗೊತ್ತಾಗುವುದಿಲ್ಲ. ಇದಕ್ಕೆ ಅಣ್ಣ ಇಲ್ಲ, ತಮ್ಮ ಇಲ್ಲ, ಮೇಸ್ತ್ರಿಯ ಭಯ ಇಲ್ಲ. ಒಂದೇ ಒಂದು ವಿಚಿತ್ರವೆಂದರೆ ಇದು ಎಣಿಸುವುದು ಸೊನ್ನೆಯಿಂದ. ಒಂದನೇ ಮನೆಯ ಓಂಕಾರಮೂರ್ತಿಯವರು ಇದರೊಳಗೆ ಸೊನ್ನೆ. ಗ್ಯಾಂಗಿಗೆ ಗ್ಯಾಂಗೇ ನಕ್ಕಿತು. ಅವತ್ತಿನಿಂದ ಓಂಕಾರಮೂರ್ತಿ ಸೊನ್ನೆ ಮೂರ್ತಿಯಾದ. ಹದಿನಾಲ್ಕನೇ ಮನೆಯ ತಾನು ಒಳಗೆ ಹದಿಮೂರು ಎಂದು ದಾಸಯ್ಯ ಬೆರಳು ಮಡಚಿ ಲೆಕ್ಕ ಹಾಕಿಕೊಂಡಿದ್ದ. ಆ ದಿನ ಅವನಿಗಾದ ಸಮಾಧಾನ ಹೇಳತೀರದು. ಇದಕ್ಕೆ ಬೆರಳಿಲ್ಲ. ಇನ್ನು ತಾನು ಧೈರ್ಯವಂತನೂ ಆಗಬೇಕಿಲ್ಲ, ಹೇಡಿಯೂ ಆಗಬೇಕಿಲ್ಲ. ಹದಿನಾರರಲ್ಲಿ ಒಬ್ಬ. ಬಂದ ದಿನ ಕಿವುಡನಾಗಿಯೇ ಹೋಗುತ್ತೇನೆ, ಆದದ್ದಾಗಲಿ. ಈ ವಯಸ್ಸಿನಲ್ಲಿ ಅವನು ಬೇಡಿಕೊಂಡದ್ದು ಇಷ್ಟೇ, ಎಲ್ಲರ ಜೊತೆ ಪಟ್ಟಿಯಲ್ಲಿ ಇರುವುದು.

ಎಪ್ಪತ್ತೊಂದು ದಿನ, ಒಂದು ದಿನವೂ ಅವನ ಹೆಸರು ಬರಲಿಲ್ಲ. ನಿಜ ಹೇಳಬೇಕೆಂದರೆ, ದಿನಾ ಬೆಳಿಗ್ಗೆ ಬೇರೆ ಯಾರದೋ ಹೆಸರು ಬಂದಾಗ ಹೊಟ್ಟೆಯೊಳಗೆ ಬೆಚ್ಚಗೆ ಏನೋ ಸಡಿಲವಾಗುತ್ತಿತ್ತು. ಹಸಿವಾಗುತ್ತಿತ್ತು. ರೊಟ್ಟಿ ರುಚಿಸುತ್ತಿತ್ತು. ಅದನ್ನು ಅವನು ಅದೃಷ್ಟ ಎಂದು ಕರೆದುಕೊಂಡಿದ್ದ. ಮೂವತ್ತನೆಯ ದಿನವೋ ನಲವತ್ತನೆಯ ದಿನವೋ, ಇದು ಅದೃಷ್ಟಕ್ಕಿಂತ ಸ್ವಲ್ಪ ಜಾಸ್ತಿಯಾಯಿತಲ್ಲ ಎಂದು ತಲೆಯ ಹಿಂದೆ ಏನೋ ಕೆರೆದಿತ್ತು. ಕೆರೆದದ್ದನ್ನು ಅವನು ನೋಡಲು ಹೋಗಲಿಲ್ಲ. ಲಕ್ಕಯ್ಯನನ್ನು ಜೀಪಿನಲ್ಲಿ ಮಲಗಿಸುವಾಗ ಕಾಲು ಹಿಡಿದಿದ್ದವನು ದಾಸಯ್ಯನೇ. ಲಕ್ಕಯ್ಯ ಕಣ್ಣುಬಿಟ್ಟು ಏನೋ ಹೇಳಿದ್ದ, ಆದರೆ ಎಡಗಡೆಯಿಂದ. ಏನು ಹೇಳಿದ ಎಂದು ಕೇಳಲು ನಾಚಿಕೆಯಾಗಿ ದಾಸಯ್ಯ ಹೂಂ ಎಂದು ತಲೆಯಾಡಿಸಿದ್ದ. ಆ ಮಾತು ಏನಿರಬಹುದು ಎಂದು ಹನ್ನೊಂದು ದಿನದಿಂದ ಯೋಚಿಸುತ್ತಿದ್ದಾನೆ. ನೀರು ಕೇಳಿರಬಹುದು. ಹೂಂ ಎಂದು ನೀರು ಕೊಡದೆ ಬಿಟ್ಟಂತಾಯಿತೋ ಏನೋ.

ಕಣ ತಲುಪಿದಾಗ ಎಲ್ಲರೂ ಬಂದಾಗಿತ್ತು. ಹೆಂಗಸರು ಸೊಂಟಕ್ಕೆ ಚೀಲ ಬಿಗಿದು ಬುಟ್ಟಿಗಳ ಪಕ್ಕ ನಿಂತಿದ್ದರು. ಲಕ್ಕಯ್ಯನ ಹೆಂಡತಿ ಯಲ್ಲಮ್ಮ ಮೊನ್ನೆಯಿಂದ ಕೆಲಸಕ್ಕೆ ಬರುತ್ತಿದ್ದಾಳೆ, ಆಸ್ಪತ್ರೆಯಲ್ಲಿ ಅವಳ ತಮ್ಮ ಇದ್ದಾನೆ. ಭವ್ಯಾ ಕಿಟಕಿಯೊಳಗೆ ಕೂತಿದ್ದಳು, ಸ್ವೆಟರಿನ ತೋಳು ಬೆರಳವರೆಗೆ ಎಳೆದುಕೊಂಡು. ಎರಡು ಗಂಟೆಯ ಹಿಂದೆ ಅವಳೇ ಅವನಿಗೆ ಕಾಫಿ ಕೊಟ್ಟಿದ್ದಳು. ಅವಳು ಕೀ ಒತ್ತಿದಳು. ಹೆಸರು ಬಂತು. ಉದ್ದನೆಯದು, ಮೊದಲಿಗೆ ವೀ. ದಿನಾ ನೋಡಿ ನೋಡಿ ಹದಿನಾರು ಹೆಸರುಗಳ ಆಕಾರವೂ ದಾಸಯ್ಯನಿಗೆ ಪರಿಚಯವಾಗಿತ್ತು. ವೀರೇಂದ್ರ ಥೂ ಎಂದು ನಕ್ಕು ಗೂಟಕ್ಕೆ ನೇತುಹಾಕಿದ್ದ ಪಟಾಕಿ ಚೀಲದ ಕಡೆಗೆ ಹೆಜ್ಜೆ ಹಾಕಿದ. ದಾಸಯ್ಯನ ಹೊಟ್ಟೆಯೊಳಗೆ ಆ ಬೆಚ್ಚಗಿನದು ಸಡಿಲವಾಯಿತು. ಇವತ್ತು ಅದು ಸಡಿಲವಾದದ್ದನ್ನು ಅವನಿಗೆ ಸಹಿಸಲಾಗಲಿಲ್ಲ.

"ಭವ್ಯಾ, ಇನ್ನೊಂದ್ಸಲ ಒತ್ತು" ಎಂದ.

ಮೇಸ್ತ್ರಿ ಸುರೇಂದ್ರ ತಿರುಗಿದ. ಹೆಸರು ಬಂದಾಯಿತಲ್ಲ, ಇನ್ನೆಂತಕ್ಕೆ ಎಂದು ಕೇಳಿದ.

"ಬಂದದ್ದು ಬಂತು ಮೇಸ್ತ್ರಿ, ಅದಲ್ಲ. ನನ್ನ ಹೆಸ್ರು ಬರೋ ತನಕ ಒತ್ತಲಿ. ಒಂದ್ಸಲ ನೋಡ್ಬೇಕು ನಂಗೆ."

ಯಾರೋ ನಕ್ಕರು. ಸುರೇಂದ್ರ ಹೊತ್ತಾಗುತ್ತದೆ ಎಂದು ಗೊಣಗಿದ, ಆದರೆ ತಡೆಯಲಿಲ್ಲ. ಭವ್ಯಾ ಅಪ್ಪನ ಮುಖ ನೋಡಿದಳು. ಅಪ್ಪ ಅವಳನ್ನು ನೋಡಲಿಲ್ಲ, ಪರದೆಯನ್ನು ನೋಡುತ್ತಿದ್ದ. ಅವಳು ಒತ್ತಿದಳು. ಗಿರಿ. ಒತ್ತಿದಳು. ಬೆಳ್ಳಿಯಪ್ಪ. ಒತ್ತಿದಳು. ರಾಜೇಶ. ರಾಜೇಶ ಎರಡೂ ಕೈಯೆತ್ತಿ, ನನ್ನ ಮೇಲೆ ಇದಕ್ಕೆ ಎಷ್ಟು ಪ್ರೀತಿ ನೋಡಿ ಎಂದಾಗ ಹೆಂಗಸರೂ ನಕ್ಕರು. ಹತ್ತು ಸಲ ಆಗುವವರೆಗೂ ಆಟದ ಹಾಗಿತ್ತು. ಸೊನ್ನೆ ಮೂರ್ತಿಯ ಹೆಸರು ಮೂರು ಸಲ ಬಂತು. ಇಪ್ಪತ್ತಾಗುವಾಗ ನಗು ಕಡಿಮೆಯಾಗಿತ್ತು. ಆಮೇಲೆ ಲಕ್ಕಯ್ಯ ಎಂದು ಬಂತು. ಅವನ ಹೆಸರು ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ, ಅಥವಾ ಮನಸ್ಸಾಗಿರಲಿಲ್ಲ. ಭವ್ಯಾಳ ಬೆರಳು ನಿಂತಿತು. ಒತ್ತು ಎಂದ ದಾಸಯ್ಯ. ಮೂವತ್ತು. ಮೂವತ್ತೈದು. ಲಕ್ಕಯ್ಯ. ಮತ್ತೆ ವೀರೇಂದ್ರ, ಮತ್ತೆ ಗಿರಿ, ಮತ್ತೆ ಲಕ್ಕಯ್ಯ. ಮಂಗಳೂರಿನ ಹಾಸಿಗೆಯ ಮೇಲೆ ಮಗ್ಗುಲು ಬದಲಿಸಲಾಗದೆ ಮಲಗಿದವನನ್ನು ಅದು ಮೂರು ಸಲ ಹಳ್ಳಕ್ಕೆ ಕರೆಯಿತು. ಕಣದ ಮೇಲೆ ನಿಂತ ದಾಸಯ್ಯನನ್ನು ಕರೆಯಲೇ ಇಲ್ಲ. ಅವನು ಕಣ್ಣು ಮಿಟುಕಿಸದೆ ಆ ಒಂದು ಅಕ್ಷರಕ್ಕಾಗಿ ಕಾಯುತ್ತಿದ್ದ. ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಬಂದುಬಿಡಲಿ ಎಂದೂ ಒಳಗೆ ಬೇಡುತ್ತಿದ್ದ, ತನಗಾಗಿ ಅಲ್ಲ, ಕಿಟಕಿಯೊಳಗೆ ಕೂತ ಆ ಹುಡುಗಿಗಾಗಿ. ಒಂದೇ ಒಂದು ಸಲ ಬಂದರೆ ಅವಳು ತನಗೆ ಸುಳ್ಳು ಹೇಳಿಲ್ಲ ಎಂದಾಗುತ್ತಿತ್ತು. ಅರವತ್ತರ ಮೇಲೆ ಯಾರೂ ಎಣಿಸಲಿಲ್ಲ. ಯಲ್ಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು.

ಭವ್ಯಾ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಬರಲ್ಲಪ್ಪ" ಎಂದಳು. "ಹದಿಮೂರು ಬಂದ್ರೆ ಬಿಟ್ಟು ಇನ್ನೊಂದು ಆರಿಸು ಅಂತ ಒಂದು ಸಾಲು ಬರ್ದಿದೀನಿ."

"ಯಾವತ್ತಿಂದ?"

"ಮೊದ್ಲನೇ ದಿನದಿಂದ."

ದಾಸಯ್ಯನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಬಚ್ಚಲೊಲೆಯ ಮುಂದೆ ತಾನು ಹೇಳಿದ್ದನ್ನೆಲ್ಲ ಇವಳು ಹೂಂ ಹೂಂ ಎಂದು ಕೇಳಿಸಿಕೊಂಡು, ಎದ್ದು ಹೋಗಿ, ಅದನ್ನು ಒಂದು ಸಾಲಾಗಿ ಮಾಡಿ ಇದರೊಳಗೆ ಹುದುಗಿಸಿದ್ದಳು. ತನ್ನ ಅಪ್ಪ ಕೆಲಸಕ್ಕೆ ಬಾರದವನು ಎಂಬ ಸಾಲು. ಹೊರಗೆ, ಆಫೀಸಿನ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಮಾತ್ರ ಹದಿನಾಲ್ಕು, ದಾಸಯ್ಯ ಎಂದು ಚೆಂದವಾಗಿ ಅಚ್ಚುಮಾಡಿಸಿದ್ದಳು. ಎಪ್ಪತ್ತೊಂದು ದಿನ ಅವನು ಆ ಪಟ್ಟಿಯ ಕೆಳಗೆ ಗಂಡಸಿನ ಹಾಗೆ ಎದೆಯುಬ್ಬಿಸಿ ನಿಂತಿದ್ದ. ಸ್ಲೇಟಿನ ಮೇಲೆ ಅಕ್ಷರ ಕಲಿಸಿದವಳಿಗೆ ಆ ಅಕ್ಷರವನ್ನು ಬೇರೆಯವರಿಗೆ ಗೊತ್ತಾಗದ ಹಾಗೆ ಅಳಿಸುವುದೂ ಗೊತ್ತಿತ್ತು. ಇದೆಲ್ಲದರ ಅಡಿಯಲ್ಲಿ, ಸುಣ್ಣದ ಬೀಜದ ಮೇಲೆ ನಿಂತ ತನ್ನದೇ ಬೆರಳು ನೆನಪಾಯಿತು. ತಾನೂ ಹೀಗೇ ಮಾಡಿದ್ದವನು, ಲಕ್ಕಯ್ಯನನ್ನು ಕೇಳದೆಯೇ ಅವನ ಪಾಲನ್ನು ಎತ್ತಿಕೊಂಡವನು. ಅದು ಪ್ರೀತಿ ಎಂದುಕೊಂಡಿದ್ದ. ಲಕ್ಕಯ್ಯನಿಗೆ ಗೊತ್ತಾಗಿದ್ದರೆ ಅವನಿಗೂ ಹೀಗೇ ಆಗುತ್ತಿತ್ತೇ? ಆ ಯೋಚನೆಯಿಂದ ನೋವೇನೂ ಕಡಿಮೆಯಾಗಲಿಲ್ಲ.

"ಲಕ್ಕಯ್ಯ ಹೋದ ದಿನ ಮೊದ್ಲು ಯಾರ ನಂಬ್ರ ಬಂದಿತ್ತು?" ಎಂದು ಕೇಳಿದ.

"ಗೊತ್ತಿಲ್ಲ."

"ನೋಡಿ ಹೇಳು."

"ನೋಡೋಕಾಗಲ್ಲಪ್ಪ. ಬಿಟ್ಟಿದ್ದನ್ನ ಅದು ತೋರ್ಸಲ್ಲ. ಇಟ್ಕೊಳ್ಳೋದೂ ಇಲ್ಲ."

ಹಾಗಾದರೆ ಅದು ಯಾವತ್ತಿಗೂ ಗೊತ್ತಾಗುವುದಿಲ್ಲ. ಆ ಬೆಳಿಗ್ಗೆ ಅದರೊಳಗೆ ಹದಿಮೂರು ಬಂದಿತ್ತೋ, ಬಂದು ಬಿಟ್ಟುಹೋಗಿತ್ತೋ, ಲಕ್ಕಯ್ಯ ತನ್ನ ಸರದಿಗೆ ಹೋದನೋ ದಾಸಯ್ಯನ ಸರದಿಗೆ ಹೋದನೋ. ಸಾಯುವವರೆಗೂ ಎರಡನ್ನೂ ಹೊತ್ತು ತಿರುಗಬೇಕು. ಭವ್ಯಾ ಅಳುತ್ತಿದ್ದಳು. ಕಿಟಕಿಯ ಸರಳು ಹಿಡಿದು ಗ್ಯಾಂಗಿನ ಕಡೆಗೆ ತಿರುಗಿ, ತಪ್ಪು ತನ್ನದೇ ಎಂದಳು, ಅಪ್ಪನಿಗೆ ಗೊತ್ತಿರಲಿಲ್ಲ ಎಂದಳು. ಅಷ್ಟಕ್ಕೆ ನಿಲ್ಲಿಸಬಹುದಿತ್ತು.

"ಅಪ್ಪಂಗೆ ಎಡಗಿವಿ ಒಂಚೂರೂ ಕೇಳಲ್ಲ" ಎಂದಳು. "ಪಕ್ಕದಲ್ಲಿ ಬಿದಿರು ಮುರಿದ್ರೂ ಗೊತ್ತಾಗಲ್ಲ. ಹೆಂಗೆ ಕಳ್ಸ್ಲಿ ನಾನು?"

ಅವನು ಗುಟ್ಟಾಗಿ ಕೊಟ್ಟದ್ದನ್ನು ಅವಳು ಕಣದ ಮೇಲೆ ಹರವಿಬಿಟ್ಟಳು. ದಾಸಯ್ಯ ಒಬ್ಬೊಬ್ಬರ ಮುಖವನ್ನೂ ನೋಡಿದ. ಗಿರಿ, ಸುರೇಂದ್ರ, ಓಂಕಾರಮೂರ್ತಿ, ಹೆಂಗಸರು. ಯಾರ ಮುಖದಲ್ಲೂ ಆಶ್ಚರ್ಯ ಇರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಎಷ್ಟು ದಿನದಿಂದ ಗೊತ್ತಿತ್ತೋ. ತಾನು ತಪ್ಪು ಕಡೆಗೆ ತಿರುಗಿದಾಗಲೆಲ್ಲ, ಕೇಳದ ಮಾತಿಗೆ ಹೂಂ ಎಂದಾಗಲೆಲ್ಲ, ಇವರು ನೋಡಿ ಸುಮ್ಮನಿದ್ದರು. ಗುಟ್ಟು ಕಾಯುತ್ತಿದ್ದದ್ದು ತಾನಲ್ಲ, ಇವರು.

"ಆ ಸಾಲು ತೆಗಿ" ಎಂದ.

ಅವಳು ಕಣ್ಣೊರೆಸಿಕೊಂಡು ಏನೇನೋ ಒತ್ತಿದಳು. ತೆಗೆದೆ ಎಂದಳು. ಹಾಗೇ, ಯಾರೂ ಹೇಳದೆ, ಲಕ್ಕಯ್ಯನ ಹೆಸರನ್ನೂ ತೆಗೆದಳು. ಮೊದಲು ಬಂದ ವೀರೇಂದ್ರನ ಹೆಸರು ನಡೆಯುವುದಿಲ್ಲ, ಹೊಸದಾಗಿ ಆರಿಸಲಿ ಎಂದು ಸುರೇಂದ್ರ ತೀರ್ಮಾನ ಹೇಳಿದ. ಅವಳು ಒತ್ತಿದಳು. ಎರಡೇ ಅಕ್ಷರದ ಹೆಸರು ಬಂತು. ಗಿರಿ.

ಗಿರಿ ಗೂಟದಿಂದ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡ, ಡಬ್ಬ ಎತ್ತಿಕೊಂಡ. ಇಳಿಜಾರಿನ ಬಾಯಿಯಲ್ಲಿ ದಾಸಯ್ಯ ಅವನಿಗೆ ಅಡ್ಡ ನಿಂತು ಚೀಲದ ಪಟ್ಟಿ ಹಿಡಿದ. ಎಪ್ಪತ್ತೊಂದು ದಿನದ್ದನ್ನು ಒಂದೇ ಸಲಕ್ಕೆ ತೀರಿಸಿಬಿಡುವ ಹಾಗೆ ಅದನ್ನು ತನ್ನ ಕಡೆಗೆ ಎಳೆದ. ಗಿರಿ ಅವನ ಬಲಗಡೆಗೆ ಸರಿದು ಬಂದು ನಿಂತ. ಯಾವ ಕಿವಿ ಎಂದು ಅವನಿಗೂ ಗೊತ್ತಿತ್ತು.

"ನಿಮ್ ಹೆಸ್ರು ಬಂದಿಲ್ವಲ್ಲ ದಾಸಣ್ಣ" ಎಂದ.

ಪಟ್ಟಿಯನ್ನು ಮೆತ್ತಗೆ ಬಿಡಿಸಿಕೊಂಡು ಮಂಜಿನೊಳಗೆ ಇಳಿದುಹೋದ. ಗ್ಯಾಂಗು ದಿನದಂತೆ ಕಾಯುತ್ತ ನಿಂತಿತು. ದಾಸಯ್ಯ ತನ್ನ ಬುಟ್ಟಿಯ ಪಕ್ಕ ಬಂದು ನಿಂತ. ಕಿಟಕಿಯ ಕಡೆಗೆ ಬೆನ್ನು ಮಾಡಿದ. ಇಷ್ಟು ದಿನ ಈ ಹೊತ್ತಿನಲ್ಲಿ ಅವನು ಮಾಡುತ್ತಿದ್ದದ್ದು, ಉಳಿದವರ ಕಾಲುಗಳನ್ನು ನೋಡುವುದು. ಕಾಲುಗಳು ಕದಲಿದರೆ ಡಬ್ಬ ಬಡಿದಿದೆ ಎಂದರ್ಥ. ಆಗ ತಾನೂ ಕೇಳಿಸಿಕೊಂಡವನ ಹಾಗೆ, ಎಲ್ಲರಿಗಿಂತ ಒಂದು ಕ್ಷಣ ಮೊದಲು ಎಂಬಂತೆ, ಬುಟ್ಟಿ ಎತ್ತುತ್ತಿದ್ದ. ಇವತ್ತು ಅವನು ಯಾರ ಕಾಲುಗಳನ್ನೂ ನೋಡಲಿಲ್ಲ. ಇಳಿಜಾರಿನ ಬಿಳುಪನ್ನು ನೋಡುತ್ತ, ಬಲಗಿವಿಯನ್ನು ಅತ್ತ ತಿರುಗಿಸಿ, ನಿಜವಾಗಿ ಕೇಳಲು ಪ್ರಯತ್ನಿಸಿದ. ಆ ಕಿವಿಗೂ ಏನೂ ಕೇಳಲಿಲ್ಲ. ಇನ್ನೂ ಬಡಿದಿಲ್ಲ ಎಂದುಕೊಂಡ. ಗಿರಿಗೆ ಏನಾದರೂ ಆಯಿತೋ ಎಂದು ಇಳಿಜಾರಿನ ಕಡೆಗೆ ಒಂದು ಹೆಜ್ಜೆಯಿಟ್ಟ.

ಮೊಣಕೈಗೆ ಯಾರೋ ತಾಗಿದರು. ನೋಡಿದರೆ ಯಲ್ಲಮ್ಮ. ಕಣ ಅರ್ಧ ಖಾಲಿಯಾಗಿತ್ತು, ಹೆಂಗಸರ ಸಾಲು ಆಗಲೇ ಮಂಜಿನೊಳಗೆ ಇಳಿಯುತ್ತಿತ್ತು. ಅವಳು ಅವನ ಮುಖ ನೋಡಲಿಲ್ಲ.

"ಡಬ್ಬ ಬಡೀತು, ನಡೀರಿ" ಎಂದಳು.